ಗಂಟು ಬಿಚ್ಚದ ಬುತ್ತಿ

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯೊಂದರಲ್ಲಿ, ಅಮೀರ್ ಬೀ ಎಂಬ ಮುದುಕಿಯ ಮನೆಯ ಮಾಳಿಗೆ ಮೇಲಿನ ಒಂಟಿ ಕೋಣೆಯಲ್ಲಿ ಶಶಿಕಲಾ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದಾಳೆ. ಕೂಲಿ ಹೆಂಗಸರ ಒಂದು ಸಣ್ಣ ಸಂಘದಲ್ಲಿ ಅವಳ ಕೆಲಸ. ಸಂಘ ಅಂದರೆ ಎರಡು ಮೇಜು, ಒಂದು ಕಪಾಟು, ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅಷ್ಟೇ. ಬೆಳಿಗ್ಗೆ ಬಸ್ಸು ಹತ್ತಿದಳೆಂದರೆ ಇವತ್ತು ದೇವದುರ್ಗ, ನಾಳೆ ಮಾನ್ವಿ, ನಾಡಿದ್ದು ಕುರ್ಡಿ. ಬಿಸಿಲಿಗೆ ಯಾರು ಬಿದ್ದರು, ಎಲ್ಲಿ ಬಿದ್ದರು, ಅವತ್ತು ಎಷ್ಟು ಹೊತ್ತಿಗೆ ನೀರು ಕುಡಿದಿದ್ದರು, ಎಲ್ಲ ಕೇಳಿ ಬರೆದುಕೊಂಡು ಬರುತ್ತಾಳೆ. ರಾಯಚೂರಿನಲ್ಲಿ ಕೂತು ಬಿಸಿಲಿನ ಲೆಕ್ಕ ಬರೆಯುವುದೂ ಒಂದು ನೌಕರಿಯೇ ಎಂದು ನಗುವವರಿದ್ದಾರೆ. ನಗಲಿ ಬಿಡಿ, ನಗುವವರೆಲ್ಲ ಫ್ಯಾನಿನ ಕೆಳಗೆ ಕೂತು ನಗುತ್ತಾರೆ.

ವಯಸ್ಸು ನಲವತ್ತೆರಡು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲ ಹೋಯಿತು. ಆ ವಿಷಯ ತೆಗೆದರೆ ಅವಳು ರೇಗುತ್ತಾಳೆ, ಹಾಗಾಗಿ ನಾವೂ ತೆಗೆಯುವುದು ಬೇಡ.

ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ, ತುಂಗಭದ್ರೆಯ ದಂಡೆಗೆ. ಅಪ್ಪ ಮಲ್ಲಯ್ಯ ಕೂಲಿಯವನು. ಬುದ್ಧನ ಪಟ ಮನೆಗೆ ತಂದು ಮೊಳೆ ಹೊಡೆದ ದಿನವೇ ಮಗಳ ಹೆಸರು ಶಾಲೆಯಲ್ಲಿ ಹಚ್ಚಿ ಬಂದ ಹಟಮಾರಿ. ತಾಯಿ ಬೇಗ ಹೋದಳು. ಪಕ್ಕದ ಮನೆಯ ಶೇಖಮ್ಮನೇ ಶಶಿಕಲಾಳ ತಲೆ ಬಾಚಿ, ಹೇನು ತೆಗೆದು, ಬೈದು, ಉಣ್ಣಿಸಿ ದೊಡ್ಡವಳನ್ನಾಗಿ ಮಾಡಿದವಳು. ಶೇಖಮ್ಮನ ಮಗಳು ಹುಲಗೆಮ್ಮ, ಶಶಿಕಲಾಳ ಓರಗೆಯವಳು. ಒಬ್ಬಳು ಶಾಲೆಗೆ ಹೋದಳು, ಇನ್ನೊಬ್ಬಳು ಗದ್ದೆಗೆ ಹೋದಳು. ರಜೆ ಬಂತೆಂದರೆ ಇಬ್ಬರೂ ಗದ್ದೆಗೇ.

ಇಲ್ಲೊಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಊರಿನ ನಾಟಿ ಹೆಂಗಸರಿಗೆ ಒಂದು ಕಟ್ಟಳೆ ಇದೆ. ಭತ್ತ ನಾಟಿಗೆ ಗುಂಪು ಹೋದಾಗ ಮೊದಲು ಎಲ್ಲರೂ ಬದುವಿನ ಮೇಲೆ ಕೂಡುತ್ತಾರೆ. ತಂದ ಬುತ್ತಿಗಳನ್ನು ಎದುರಿಗೆ ಸಾಲಾಗಿ ಇಡುತ್ತಾರೆ. ಕೂಲಿ ಎಷ್ಟು, ಮಧ್ಯಾಹ್ನ ಎಷ್ಟು ಹೊತ್ತು ನೆರಳು, ಕುಡಿಯುವ ನೀರು ಯಾರು ತರುವುದು, ಎಲ್ಲವೂ ಹೊಲದವನ ಜೊತೆ ಅಲ್ಲೇ ತೀರ್ಮಾನವಾಗಬೇಕು. ಗುಂಪಿನ ಮುಂದಾಳು "ಆತು" ಅನ್ನುವ ತನಕ ಯಾರೂ ಕೆಸರಿಗೆ ಕಾಲಿಡುವಂತಿಲ್ಲ, ಯಾರೂ ಬುತ್ತಿಯ ಗಂಟು ಬಿಚ್ಚುವಂತಿಲ್ಲ. ಮಾತು ಮುರಿದು ಬಿತ್ತೋ, ಕಟ್ಟಿದ ಬುತ್ತಿ ಕಟ್ಟಿದ ಹಾಗೇ ತಲೆಯ ಮೇಲಿಟ್ಟುಕೊಂಡು ವಾಪಸ್. ಎಷ್ಟೇ ಹಸಿದರೂ ದಾರಿಯಲ್ಲಿ ಒಂದು ತುತ್ತು ಬಾಯಿಗೆ ಹಾಕುವಂತಿಲ್ಲ. ಊರಬಾಗಿಲಿನ ಅಗಸಿಯ ಕಟ್ಟೆಯಲ್ಲಿ ಕೂತವರು ಗಂಟು ನೋಡಿಯೇ ವಿಷಯ ತಿಳಿದುಕೊಳ್ಳುತ್ತಾರೆ, ಬಾಯಿ ಬಿಟ್ಟು ಕೇಳುವುದೇ ಇಲ್ಲ.

ಹುಲಗೆಮ್ಮ ಆ ಗುಂಪಿಗೆ ಹದಿನೈದು ವರ್ಷ ಮುಂದಾಳು. ಅವಳ ಬಾಯಿಗೆ ಹೆದರದ ಹೊಲದವನಿಲ್ಲ. "ಕಾಲುವಿ ನೀರು ನಿನ್ನ ಎತ್ತಿಗೆ ಕುಡಸು, ನಮಗ ಕೊಡದಾಗ ಚಲೋ ನೀರು ತರ್ಸು, ಆಮ್ಯಾಲ ಮಾತಾಡು" ಅನ್ನುತ್ತಿದ್ದಳು. ಅಂಥವಳು ಹೋದ ವರ್ಷ ಏಪ್ರಿಲ್ ತಿಂಗಳಲ್ಲಿ ಮಲ್ಲಟದ ಕಣವೊಂದಕ್ಕೆ ಮೆಣಸಿನಕಾಯಿ ಹರವಲು ಹೋದಳು. ತಾಯಿ ಶೇಖಮ್ಮನೂ ಜೊತೆಗಿದ್ದಳು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೆಂಪು ಕಾಯಿಗಳ ನಡುವೆ ಕುಕ್ಕರಿಸಿ, "ಯವ್ವಾ, ತಲಿ ಗಿರ್ ಅಂತೈತಿ" ಎಂದಳು. ಮಾನ್ವಿಗೆ ಹೊತ್ತೊಯ್ಯುತ್ತಿದ್ದ ಟಂಟಂ ಗಾಡಿಯಲ್ಲೇ, ತಾಯಿಯ ತೊಡೆಯ ಮೇಲೆ ಜೀವ ಹೋಯಿತು. ಕಾಗದದಲ್ಲಿ ಹೃದಯಾಘಾತ ಎಂದು ಬರೆದರು. ಬಿಸಿಲು ಎಂಬ ಶಬ್ದ ಅದರಲ್ಲಿ ಎಲ್ಲೂ ಇಲ್ಲ. ಶೇಖಮ್ಮನಿಗೆ ಓದಲು ಬರುವುದಿಲ್ಲ, ಆದರೆ ಆ ಕಾಗದವನ್ನು ಶಶಿಕಲಾಳ ಕೈಯಿಂದ ಮೂರು ಸಲ ಓದಿಸಿ ಕೇಳಿದ್ದಳು.

ಶಶಿಕಲಾ ಊರೂರು ತಿರುಗಿ ಬರೆದಿಟ್ಟದ್ದು ಹೇಗೋ ದೆಹಲಿಯ ಒಂದು ಸಂಸ್ಥೆಯವರ ಕಣ್ಣಿಗೆ ಬಿತ್ತು. ಜೂನ್ ತಿಂಗಳಲ್ಲಿ ಜರ್ಮನಿಯ ಬಾನ್ ಎಂಬ ಊರಿನಲ್ಲಿ ಹವಾಮಾನದ ಮಾತುಕತೆ ಇದೆ, ಎಲ್ಲ ದೇಶದವರೂ ಸೇರುತ್ತಾರೆ, ಮೊದಲ ದಿನ ಮಹಿಳಾ ಸಂಘಟನೆಗಳಿಗೆಂದು ಎರಡು ನಿಮಿಷ ಇಟ್ಟಿದ್ದಾರೆ, ಆ ಎರಡು ನಿಮಿಷ ನೀವು ಮಾತಾಡಿ ಎಂದರು. ಟಿಕೆಟ್ಟು ಅವರದೇ. ಶನಿವಾರ ಇಳಿಯುವುದು, ಸೋಮವಾರ ಮಾತಾಡುವುದು, ಬುಧವಾರ ಬೆಳಿಗ್ಗೆ ವಾಪಸ್ ವಿಮಾನ.

ಹೊರಡುವ ಮುಂಚೆ ಶಶಿಕಲಾ ಊರಿಗೆ ಹೋದಳು. ಶೇಖಮ್ಮ ಒಲೆಯ ಮುಂದೆ ಸಜ್ಜೆ ರೊಟ್ಟಿ ಬಡಿಯುತ್ತ ಕೇಳಿದಳು. "ಅಲ್ಲಿ ಹೇಳಿದ್ದನ್ನ ಬರಕೊಳ್ತಾರೇನು?"

"ಹೂಂ ಯವ್ವಾ, ಬರಕೊಳ್ತಾರ."

"ಹಂಗಾರ ನನ್ನ ಮಗಳ ಹೆಸರು ಹೇಳಿ ಬಾ. ಹುಲಗೆಮ್ಮ, ಚೀಕಲಪರ್ವಿ. ಬಿಸಿಲಿಗೆ ಸತ್ಲು ಅಂತ ಹೇಳು. ಇಲ್ಲಿಯವರು ಬರೀಲಿಲ್ಲ, ಅಲ್ಲಿಯವರಾದ್ರೂ ಬರಕೊಳ್ಳಲಿ."

"ಹೇಳ್ತೀನಿ. ನಿನ್ನಾಣಿ, ಹೇಳೇ ಬರ್ತೀನಿ."

ವಾರವಿಟ್ಟರೂ ಕೆಡದ ಎಂಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಹಸಿರು ಚೌಕಳಿಯ ಒಂದು ಅರಿವೆ. ಅದು ಹುಲಗೆಮ್ಮನ ಬುತ್ತಿಯ ಅರಿವೆಯೇ. ಶೇಖಮ್ಮ ಎರಡು ಸುತ್ತು ಹಾಕಿ ತುದಿಯನ್ನು ಒಳಕ್ಕೆ ಸಿಗಿಸಿ ಗಂಟು ಬಿಗಿದಳು, ಮಗಳು ಬಿಗಿಯುತ್ತಿದ್ದ ಹಾಗೆ. "ಹೇಳಿದ ಮ್ಯಾಲೆ ಬಿಚ್ಚಿ ಉಣ್ಣು" ಎಂದಳು.

ಬಾನ್‌ನಲ್ಲಿ ಇಪ್ಪತ್ತೆಂಟು ಡಿಗ್ರಿ. ಅಲ್ಲಿನ ಜನ ಅಯ್ಯೋ ಸೆಕೆ ಎಂದು ಟೋಪಿ ಬೀಸಿಕೊಳ್ಳುತ್ತಿದ್ದರು. ರಾಯಚೂರಿನವಳಿಗೆ ನಗು ಬಂತು, ಆದರೆ ಆ ನಗೆಯನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಯಾರಿದ್ದರು? ಹಾಸ್ಟೆಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ. ಕಿಟಕಿಯ ಕಟ್ಟೆಯ ಮೇಲೆ ಬುತ್ತಿ ಇಟ್ಟಳು. ರಾತ್ರಿ ಹತ್ತಾದರೂ ಬೆಳಕು ಪೂರ್ತಿ ಆರಲಿಲ್ಲ. ಆ ಬೆಳಕಿನಲ್ಲಿ ನಿದ್ದೆ ಬಾರದೆ ಎರಡು ನಿಮಿಷದ ಇಂಗ್ಲಿಷ್ ಭಾಷಣವನ್ನು ಗೋಡೆಗೆ ಹೇಳಿದಳು. ಹುಲಗೆಮ್ಮನ ಹೆಸರು ಬರುವುದು ಮೂರನೇ ಸಾಲಿನಲ್ಲಿ. ಅಲ್ಲಿಗೆ ಬಂದಾಗಲೆಲ್ಲ ದನಿ ಒಡೆಯುತ್ತಿತ್ತು. ಒಡೆಯಬಾರದು ಎಂದು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ದೊಡ್ಡ ಸಭಾಂಗಣ ತುಂಬಿತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ, ಮೈಕಿದ್ದ ಕುರ್ಚಿಯಲ್ಲಿ ಕೂತಳು. ಹತ್ತು ಗಂಟೆಯಾಯಿತು. ವೇದಿಕೆ ಖಾಲಿ. ಹನ್ನೊಂದಕ್ಕೆ ಶುರು ಎಂದು ಪರದೆಯ ಮೇಲೆ ಬಂತು. ಆಮೇಲೆ ಮೂರಕ್ಕೆ ಎಂದು ಬಂತು. ಆಮೇಲೆ ಬರೀ "ಮುಂದೆ ತಿಳಿಸಲಾಗುವುದು".

ದೆಹಲಿಯ ಸಂಸ್ಥೆಯ ಹುಡುಗಿ ಓಡೋಡಿ ಬಂದು ಅರ್ಥ ಮಾಡಿಸಿದಳು. ಸಭೆ ನಡೆಯಬೇಕಾದರೆ ಮೊದಲು ಅಜೆಂಡಾ ಒಪ್ಪಿಗೆಯಾಗಬೇಕು. ಅಂದರೆ ಏನೇನು ಮಾತಾಡುವುದು ಎಂಬ ಪಟ್ಟಿ. ಅಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಇಲ್ಲ, ಎಲ್ಲರೂ ಹೂಂ ಅನ್ನಬೇಕು, ಒಬ್ಬರು ಉಹೂಂ ಅಂದರೂ ನಿಂತಿತು. ಶ್ರೀಮಂತ ದೇಶಗಳು ಕೊಡಬೇಕಾದ ಹಣದ ವಿಷಯ ಪಟ್ಟಿಯಲ್ಲಿ ಇರಲೇಬೇಕು ಎಂದು ಬಡ ದೇಶಗಳ ಒಂದು ಗುಂಪು ಪಟ್ಟು ಹಿಡಿದಿದೆ. ಕೂಡದು ಎಂದು ಆಚೆಯವರು ಕೂತಿದ್ದಾರೆ. ಇಬ್ಬರನ್ನೂ ಒಳಕೋಣೆಗೆ ಕರೆದು ಅಧ್ಯಕ್ಷರು ರಮಿಸುತ್ತಿದ್ದಾರೆ.

ಅಲ್ಲ, ಏನು ಮಾತಾಡಬೇಕು ಎಂದು ಮಾತಾಡುವುದಕ್ಕೇ ಇಷ್ಟು ಹೊತ್ತು! ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಪಟ್ಟು ಹಿಡಿದವರು ಕೇಳುತ್ತಿರುವುದು ನ್ಯಾಯವಾದದ್ದೇ. ಹುಲಗೆಮ್ಮ ಬದುವಿನ ಮೇಲೆ ಕೂತು ಹಿಡಿಯುತ್ತಿದ್ದದ್ದೂ ಇದೇ ಪಟ್ಟು. ಶಶಿಕಲಾಳಿಗೆ ಅದು ಚೆನ್ನಾಗಿ ಗೊತ್ತು. ಹಾಗೆಂದು ಬುಧವಾರದ ವಿಮಾನ ನಿಲ್ಲುತ್ತದೆಯೇ?

ಸಂಜೆ ಶೇಖಮ್ಮನ ಫೋನು ಬಂತು, ಪಕ್ಕದ ಮನೆಯ ಅಮರೇಶನ ನಂಬರಿನಿಂದ.

"ಹೇಳಿದೇನಬೇ?"

"ಇನ್ನಾ ಇಲ್ಲ ಯವ್ವಾ. ಇನ್ನಾ ಬದುವಿನ ಮ್ಯಾಲೇ ಕುಂತಾರ."

"ಒಬ್ರೂ ಕೆಸರಿಗೆ ಇಳಿದಿಲ್ಲೇನು?"

"ಒಬ್ರೂ ಇಳಿದಿಲ್ಲ."

ಶೇಖಮ್ಮ ಗಾಬರಿಯಿಂದ ಕೇಳಿದಳು. "ಹಂಗಾರ ಕಿತ್ತಿಟ್ಟ ಸಸಿ ಒಣಗಂಗಿಲ್ಲೇನು?"

ಅಷ್ಟು ದೊಡ್ಡ ಸಭೆಯಲ್ಲಿ ಈ ಒಂದು ಮಾತು ಕೇಳುವವರು ಯಾರೂ ಇರಲಿಲ್ಲವಲ್ಲ ಎನ್ನಿಸಿತು ಶಶಿಕಲಾಳಿಗೆ. "ಒಣಗ್ತಾವ ಯವ್ವಾ" ಎಂದಳು. ಶೇಖಮ್ಮ "ಬುತ್ತಿ ಬಿಚ್ಚಿಲ್ಲ ಹೌದಿಲ್ಲೋ?" ಎಂದು ಕೇಳಿ, ಬಿಚ್ಚಿಲ್ಲ ಎಂದ ಮೇಲೆ ಫೋನು ಇಟ್ಟಳು.

ಬುತ್ತಿಯ ಬದಲು ಅಂಗಡಿಯ ತಣ್ಣನೆಯ ಬ್ರೆಡ್ಡು ತಿಂದುಕೊಂಡು ನದಿಯ ದಂಡೆಗೆ ಹೋಗಿ ಕೂತಳು. ಅದೂ ಒಂದು ದೊಡ್ಡ ನದಿ. ಜನ ಜೋಡಿ ಜೋಡಿಯಾಗಿ, ನಾಯಿ ಹಿಡಿದುಕೊಂಡು, ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಕೆಲವರು ಮುಗುಳ್ನಕ್ಕರು. ಎರಡು ದಿನದಿಂದ ಅವಳು ಫೋನಿನಲ್ಲಿ ಬಿಟ್ಟರೆ ಕನ್ನಡದ ಒಂದು ಶಬ್ದವನ್ನೂ ಆಡಿರಲಿಲ್ಲ. ರಾಯಚೂರಿನ ಕೋಣೆಯಲ್ಲೂ ಅವಳು ಒಬ್ಬಳೇ, ಆದರೆ ಅಲ್ಲಿ ಕೆಳಗೆ ಅಮೀರ್ ಬೀ ಕೆಮ್ಮುವುದಾದರೂ ಕೇಳುತ್ತದೆ. ಇಲ್ಲಿ ತಾನು ಸತ್ತರೆ ಗುರುತಿನ ಚೀಟಿ ನೋಡಿ ಹೆಸರು ಓದಬೇಕು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡು ಎದ್ದಳು.

ಮಂಗಳವಾರವೂ ಅದೇ ಕಥೆ. ಕಾರಿಡಾರಿನಲ್ಲಿ ಕಾಫಿ ಕಪ್ಪು ಹಿಡಿದ ನೂರಾರು ಜನ. ಒಳಕೋಣೆಯ ಬಾಗಿಲು ತೆರೆದಾಗಲೆಲ್ಲ ಎಲ್ಲರ ಕತ್ತೂ ಆ ಕಡೆಗೆ ಹೊರಳುತ್ತಿತ್ತು. ಶಶಿಕಲಾ ಕುರ್ಚಿ ಬಿಟ್ಟು ಏಳಲಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಅಷ್ಟರಲ್ಲಿ ಶುರುವಾಗಿಬಿಟ್ಟರೆ ಎಂದು ನೀರನ್ನೂ ಕುಡಿಯಲಿಲ್ಲ. ನೀರು ಕುಡಿಯಿರಿ ಎಂದು ಊರೂರಿಗೆ ಹೇಳುತ್ತ ತಿರುಗುವವಳು!

ಸಂಜೆ ಏಳರ ಸುಮಾರಿಗೆ ವೇದಿಕೆ ತುಂಬಿತು. ಆ ಹಣದ ವಿಷಯ ಪಟ್ಟಿಯಲ್ಲಿ ಬೇಡ, ಅದರ ಬಗ್ಗೆ ಬೇರೆಯಾಗಿ ಮಾತಾಡೋಣ ಎಂದು ಏನೋ ಒಂದು ರಾಜಿಯಾಗಿತ್ತು. ಅಧ್ಯಕ್ಷರು ಕೇಳಿದರು, ಯಾರೂ ಉಹೂಂ ಅನ್ನಲಿಲ್ಲ, ಮರದ ಸಣ್ಣ ಸುತ್ತಿಗೆ ಟಕ್ ಎಂದು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಶಿಕಲಾಳೂ ತಟ್ಟಿದಳು. ಕಾಗದ ಬಿಡಿಸಿ ಮೈಕಿನ ಹತ್ತಿರ ಸರಿದಳು. ಆಗ ಅಧ್ಯಕ್ಷರು, ಎರಡು ದಿನ ಕಳೆದುಹೋಗಿದೆ, ಸಮಯದ ಅಭಾವವಿದೆ, ಆದ್ದರಿಂದ ಸಂಘಟನೆಗಳ ಹೇಳಿಕೆಗಳನ್ನು ಓದುವ ಬದಲು ವೆಬ್‌ಸೈಟಿನಲ್ಲಿ ಹಾಕಲಾಗುವುದು, ಸಹಕಾರಕ್ಕೆ ಧನ್ಯವಾದ ಎಂದರು.

ಒಂದೇ ವಾಕ್ಯ. ಮುಂದಿನ ವಿಷಯಕ್ಕೆ ಹೋದರು.

ಅವಳು ಕಾಗದ ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ದೆಹಲಿಯ ಹುಡುಗಿಯನ್ನು ಹುಡುಕಿ, "ವೆಬ್‌ಸೈಟಿನಾಗಾದ್ರೂ ಆಕಿ ಹೆಸರು ಇರ್ತದಲ್ಲ?" ಎಂದು ಕನ್ನಡದಲ್ಲೇ ಕೇಳಿಬಿಟ್ಟಳು. ತಪ್ಪಿನ ಅರಿವಾಗಿ ಇಂಗ್ಲಿಷಿನಲ್ಲಿ ಮತ್ತೆ ಕೇಳಿದಳು. ಹುಡುಗಿ ಒಳ್ಳೆಯವಳು, ಕೈ ಹಿಡಿದುಕೊಂಡಳು. ಎಲ್ಲ ಸಂಘಟನೆಗಳ ಪರವಾಗಿ ಹಾಕುವ ಹೇಳಿಕೆ ಅದು, ಎಲ್ಲರೂ ಒಪ್ಪಿದ ಮಾತು ಮಾತ್ರ ಇರಬೇಕು, ಒಬ್ಬೊಬ್ಬರ ಹೆಸರು ಹಾಕುವ ರೂಢಿಯಿಲ್ಲ, ನೀವು ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತು ಎಂದಳು. ಕಣ್ಣಲ್ಲಿ ನೀರಿತ್ತು ಆ ಹುಡುಗಿಗೆ. ಅದರಿಂದ ಏನಾಗಬೇಕು?

ಅಮರೇಶನ ನಂಬರಿನಿಂದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಶಶಿಕಲಾ ಎತ್ತಲಿಲ್ಲ. ಕೋಣೆಗೆ ಬಂದು ಕಿಟಕಿಯ ಮೇಲಿನ ಬುತ್ತಿ ನೋಡಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಗಂಟಿನ ತುದಿಗೆ ಕೈ ಹಾಕಿದಳು, ತೆಗೆದಳು. ಸೀರೆಗಳ ಕೆಳಗೆ ಅದನ್ನು ತುರುಕಿ ಚೀಲದ ಜಿಪ್ಪು ಎಳೆದಳು. ಆಮೇಲೆ ಮಂಚದ ಮೇಲೆ ಕೂತು, ಬೆಳಗಿನ ತನಕ ಹಾಗೇ ಕೂತಿದ್ದಳು.

ವಿಮಾನದಲ್ಲಿ ಸುಳ್ಳು ಹುಟ್ಟಿತು. ಮೊದಲಿಗೆ ಅದು ಸುಳ್ಳೂ ಆಗಿರಲಿಲ್ಲ, ಹೀಗಾಗಿದ್ದರೆ ಎಂಬ ಆಸೆ ಅಷ್ಟೇ. ಮೈಕಿನ ಕೆಂಪು ದೀಪ ಹತ್ತಿತು, ಹೇಳಿದೆ, ದನಿ ಒಡೆಯಲಿಲ್ಲ, ಎಲ್ಲರೂ ಬರೆದುಕೊಂಡರು. ಹೈದರಾಬಾದಿಗೆ ಬಂದಿಳಿಯುವ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿತ್ತು. ರಾಯಚೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಅದನ್ನೇ ತಿದ್ದಿ ತೀಡಿದಳು. ಭಾಷಣವನ್ನೂ ಅವಳು ಇಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ. ಓಣಿಯ ಬಾಗಿಲಲ್ಲಿ ಅಮೀರ್ ಬೀ, "ಬಂದ್ಯಾ ಬೇಟಿ? ಮಾತಾಡಿ ಬಂದ್ಯಾ?" ಎಂದಾಗ "ಹೂಂರೀ, ಆತು" ಎಂದು ಬಾಯಿಂದ ಸಲೀಸಾಗಿ ಬಂತು. ಮುದುಕಿ ತಲೆ ಸವರಿ, ಪಾನಕ ಕೊಟ್ಟಳು.

ಮಾರನೆಯ ದಿನ ಚೀಕಲಪರ್ವಿಗೆ ಹೋದಳು. ಬಿಚ್ಚದೆಯೇ ಇಟ್ಟಿದ್ದ ಚೀಲವನ್ನು ಹಾಗೇ ತೆಗೆದುಕೊಂಡಳು, ಶೇಖಮ್ಮನಿಗೆ ತಂದ ಶಾಲು ಅದರಲ್ಲಿತ್ತು. ಹೊಲದ ಕಡೆಯಿಂದ ಬಂದ ನಾಲ್ಕೈದು ಹೆಂಗಸರು, ಎಲ್ಲರೂ ಹುಲಗೆಮ್ಮನ ಗುಂಪಿನವರೇ, ಶೇಖಮ್ಮನ ಕಟ್ಟೆಯಲ್ಲಿ ಕಾಯುತ್ತಿದ್ದರು.

"ಹೇಳಿದೇನಬೇ?" ಎಂದಳು ಶೇಖಮ್ಮ, ನೀರು ಬೇಕೇ ಎಂದೂ ಕೇಳದೆ.

"ಹೇಳಿದೆ ಯವ್ವಾ."

"ಹೆಸರು?"

"ಹೇಳಿದೆ. ಹುಲಗೆಮ್ಮ, ಚೀಕಲಪರ್ವಿ ಅಂತ. ಬಿಸಿಲಿಗೆ ಸತ್ಲು ಅಂದೆ. ಎಲ್ಲಾರೂ ಬರಕೊಂಡ್ರು. ಒಬ್ಬಾಕಿ ಎದ್ದು ಬಂದು ನನ್ನ ಕೈ ಹಿಡಕೊಂಡ್ಲು."

ಶೇಖಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮಗಳು ಸತ್ತ ಮೇಲೆ ಅವಳು ಹೀಗೆ ಹಗುರಾಗಿ ಅತ್ತದ್ದನ್ನು ಆ ಹೆಂಗಸರು ಯಾರೂ ನೋಡಿರಲಿಲ್ಲ. "ಕೇಳಿದ್ರೇನು? ನನ್ನ ಮಗಳ ಹೆಸರು ಬರಕೊಂಡಾರಂತ!" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದಳು. ಇರಲಿ, ಇಷ್ಟಾದರೂ ಕೊಟ್ಟೆನಲ್ಲ ಎಂದುಕೊಂಡಳು ಶಶಿಕಲಾ.

"ತಡಿ ಯವ್ವಾ, ನಿನಗ ಶಾಲು ತಂದೀನಿ" ಎಂದು ಚೀಲದ ಜಿಪ್ಪು ಎಳೆದಳು. ಮೇಲಿನ ಸೀರೆ ಎತ್ತಿದಳು. ಶಾಲಿನ ಪಕ್ಕದಲ್ಲೇ ಹಸಿರು ಚೌಕಳಿಯ ಬುತ್ತಿ ಕೂತಿತ್ತು.

ಇಷ್ಟು ದೂರ ಇಷ್ಟೆಲ್ಲ ಜೋಡಿಸಿಕೊಂಡು ಬಂದ ಹೆಣ್ಣುಮಗಳಿಗೆ ಇದೊಂದು ನೆನಪೇ ಆಗಿರಲಿಲ್ಲ. ಓದಿದವಳು, ದೇಶ ನೋಡಿ ಬಂದವಳು, ಬಸ್ಸಿನಲ್ಲಿ ಗಂಟು ಬಿಚ್ಚಿ ಎರಡು ರೊಟ್ಟಿ ಮುರಿದು ಕಿಟಕಿಯಿಂದ ಎಸೆದಿದ್ದರೂ ಸಾಕಿತ್ತು.

ಶೇಖಮ್ಮ ಬುತ್ತಿಯನ್ನು ಎತ್ತಿಕೊಂಡಳು. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಎರಡು ಸುತ್ತು, ತುದಿ ಒಳಗೆ. ತಾನೇ ಹಾಕಿದ್ದು. ಕಟ್ಟೆಯ ಮೇಲಿದ್ದ ಹೆಂಗಸರೂ ನೋಡಿದರು. ಒಬ್ಬೊಬ್ಬರೇ ಎದ್ದು ಸೆರಗು ಕೊಡವಿಕೊಂಡು ಹೋದರು.

ಇಬ್ಬರೇ ಉಳಿದ ಮೇಲೆ ಶೇಖಮ್ಮ ಕೇಳಿದಳು. "ಮಾತು ಮುರೀತೇನು?"

"ಮುರೀಲಿಲ್ಲ. ಅವರವರದು ಮುಗೀತು. ನನ್ನ ಪಾಳಿ ಬರಲಿಲ್ಲ ಯವ್ವಾ."

"ಮತ್ತ ಬಿಚ್ಚಿ ಉಂಡಿದ್ರ ನನಗೆಲ್ಲಿ ಗೊತ್ತಾಗ್ತಿತ್ತು?"

"ಉಣ್ಣಾಕ ಆಗಲಿಲ್ಲ."

ಶೇಖಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಶಶಿಕಲಾ ತಡೆಯಲಾರದೆ ಎದ್ದು ನಿಂತಳು. "ಈಗ ಇಲ್ಲೇ ಹೇಳ್ತೀನಿ, ಕೇಳು. ಎಲ್ಲಾ ಬಾಯಿಪಾಠ ಅದ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿಯೇಬಿಟ್ಟಳು. ಒಂದು ಸಾಲು, ಎರಡು ಸಾಲು. ಮೂರನೆಯದರಲ್ಲಿ ಹುಲಗೆಮ್ಮ ಎಂದು ಬಂದಾಗ ಶೇಖಮ್ಮ ಕೈ ಎತ್ತಿ ತಡೆದಳು.

"ನನಗ್ಯಾಕ ಹೇಳ್ತಿ ನನ್ನವ್ವ? ನಾ ಅಲ್ಲೇ ಇದ್ದೆನಲ್ಲ."

ಒಳಗೆ ಹೋಗಿ ಬುತ್ತಿಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿ ಬಂದಳು. "ಮತ್ತ ಯಾವಾಗ ಕೂಡ್ತಾರ ಅವರು?"

"ನವೆಂಬರಿಗೆ. ಬ್ಯಾರೆ ದೇಶದಾಗ."

"ನಿನ್ನ ಕರದಾರೇನು?"

"ಇಲ್ಲ ಯವ್ವಾ."

ಶೇಖಮ್ಮ ತಲೆಯಾಡಿಸಿದಳು. "ಕೂಡು, ಬಿಸಿ ರೊಟ್ಟಿ ಬಡೀತೀನಿ, ಉಂಡು ಹೋಗು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಒತ್ತಾಯವೂ ಇರಲಿಲ್ಲ.

ಶಶಿಕಲಾಳಿಗೆ ವಿಪರೀತ ಹಸಿವಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಚೀಲ ಎತ್ತಿಕೊಂಡು ಹೊರಟಳು. ಅಗಸಿಯ ಕಟ್ಟೆಯಲ್ಲಿ ಕೂತವರು ಅವಳನ್ನು ನೋಡಿದರು, ಏನೂ ಕೇಳಲಿಲ್ಲ. ಮಾನ್ವಿಯಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು, ಮಂಡಾಳು ಮಿರ್ಚಿ ಮಾರುವವನು ಕಿಟಕಿಗೆ ಬಂದು ಎರಡು ಸಲ ಕೂಗಿದ. ರಾಯಚೂರು ಮುಟ್ಟುವ ತನಕ ಅವಳು ಏನೂ ತಿನ್ನಲಿಲ್ಲ.